ಮೂವತ್ತು ದಿನ, ಮೂವತ್ತು ಪುಟ

ಸಂಕಲ್ಪ ಮಾಡುವುದು ಸುಲಭ. ಅದನ್ನು ನಡೆಸಿಕೊಂಡು ಹೋಗುವುದು ಕಷ್ಟ. ಯುಗಾದಿಯಂದೋ ಜನವರಿಯ ಮೊದಲ ದಿನದಂದೋ ಹೊಸ ದಿನಚರಿ ಪುಸ್ತಕವೊಂದನ್ನು ತೆರೆದು, ಮೊದಲ ಪುಟದಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೆಸರು ಬರೆದು, ಎರಡು ಮೂರು ದಿನ ಶ್ರದ್ಧೆಯಿಂದ ಬರೆದು, ನಾಲ್ಕನೆಯ ದಿನ ನೆಂಟರು ಬಂದರೆಂದೂ ಐದನೆಯ ದಿನ ತಲೆನೋವೆಂದೂ ಕೈಬಿಟ್ಟು, ಕೊನೆಗೆ ಆ ಪುಸ್ತಕವು ಹಾಲಿನ ಲೆಕ್ಕಕ್ಕೋ ಕಿರಾಣಿ ಅಂಗಡಿಯ ಬಾಕಿ ಗುರುತು ಹಾಕುವುದಕ್ಕೋ ಒದಗುವುದನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಬರೆಯಬೇಕೆಂಬ ಆಸೆ ಹುಟ್ಟಿತಲ್ಲ, ಅದೇ ಒಳ್ಳೆಯ ಲಕ್ಷಣ. ಆದರೆ ಆಸೆಗೆ ಒಂದು ಕ್ರಮ ಬೇಕು, ಒಂದು ಮಿತಿ ಬೇಕು. ಆ ಕ್ರಮವನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ನಮಗೆ ಅನ್ನಿಸಿದೆ.

ಒಂದು ತಿಂಗಳ ಕಾಲ, ಒಂದು ದಿನವೂ ತಪ್ಪದಂತೆ, ದಿನಕ್ಕೆ ಇಷ್ಟೆಂದು ಬರೆಯುವ ಪಂಥವು ಈಗ ಲೋಕದ ಹಲವು ಕಡೆ ರೂಢಿಯಲ್ಲಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1999ರಲ್ಲಿ ಕ್ರಿಸ್ ಬೇಟಿ ಎಂಬ ಯುವಕನು ತನ್ನ ಗೆಳೆಯರನ್ನು ಕೂಡಿಸಿಕೊಂಡು ಒಂದು ತಿಂಗಳಲ್ಲಿ ಒಂದು ಕಾದಂಬರಿಯನ್ನು ಬರೆದು ಮುಗಿಸುವ ಪ್ರಯೋಗವನ್ನು ಆರಂಭಿಸಿದನು. ಆಗ ಸೇರಿದವರು 21 ಮಂದಿ. ಮರುವರ್ಷದಿಂದ ಅದು ನವೆಂಬರ್ ತಿಂಗಳಿಗೆ ನಿಗದಿಯಾಯಿತು. 30 ದಿನಗಳಲ್ಲಿ 50,000 ಪದಗಳು, ಎಂದರೆ ದಿನಕ್ಕೆ ಸುಮಾರು 1,667 ಪದಗಳು ಎಂಬುದು ಅಲ್ಲಿಯ ನಿಯಮ. ಕಾಲಕ್ರಮದಲ್ಲಿ ಲಕ್ಷಗಳ ಸಂಖ್ಯೆಯಲ್ಲಿ ಜನರು ಅದರಲ್ಲಿ ಪಾಲ್ಗೊಂಡರು. ಆ ಸಂಸ್ಥೆಯು 2025ರಲ್ಲಿ ತನ್ನ ಬಾಗಿಲನ್ನು ಮುಚ್ಚುವುದಾಗಿ ಪ್ರಕಟಿಸಿತು. ಆದರೆ ತಿಂಗಳ ಪಂಥದ ಕಲ್ಪನೆಗೆ ಯಾವ ಸಂಸ್ಥೆಯ ಆಸರೆಯೂ ಬೇಕಾಗಿಲ್ಲ. ಒಂದು ನೋಟುಪುಸ್ತಕ, ಒಂದು ಲೇಖನಿ, ಮೂವತ್ತು ದಿನಗಳು, ಇಷ್ಟಿದ್ದರೆ ಸಾಕು.

ಇಲ್ಲಿ ಒಂದು ವಿವೇಕವನ್ನು ಮೊದಲೇ ಹೇಳಬೇಕು. ಅವರ ಅಳತೆಯನ್ನು ನಾವು ಹಾಗೆಯೇ ತಂದುಕೊಳ್ಳಬಾರದು. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದಗಳಾಗಿ ಬಿಡಿಬಿಡಿಯಾಗಿ ನಿಲ್ಲುವುದು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಕೂಡಿಕೊಂಡು ಒಂದೇ ಪದವಾಗುತ್ತದೆ. ‘ಮನೆಯವರಿಗಾಗಿ’ ಎಂಬ ಒಂದು ಮಾತನ್ನೇ ನೋಡಬಹುದು. ಆದುದರಿಂದ ಪದಗಳನ್ನು ಎಣಿಸುತ್ತ ಕೂಡುವುದಕ್ಕಿಂತ ಪುಟವನ್ನು ಅಳತೆಯಾಗಿಟ್ಟುಕೊಳ್ಳುವುದು ಲೇಸು. ಶಾಲೆಯ ಮಕ್ಕಳು ಬಳಸುವ ಸಾಧಾರಣ ನೋಟುಪುಸ್ತಕದ ಒಂದು ಪುಟದಲ್ಲಿ ನೂರೈವತ್ತರ ಆಚೀಚೆ ಪದಗಳು ಹಿಡಿಯುತ್ತವೆ. ಅಡುಗೆಮನೆಯ ಕೆಲಸ, ಹೊಲದ ಕೆಲಸ, ಕಚೇರಿಯ ಓಡಾಟ, ಇವುಗಳ ನಡುವೆ ಅರ್ಧ ಗಂಟೆ ದೊರಕಿಸಿಕೊಂಡವರು ಒಂದು ಪುಟವನ್ನು ಬರೆಯಬಲ್ಲರು. ತಿಂಗಳ ಕೊನೆಗೆ ಮೂವತ್ತು ಪುಟಗಳಾಗುತ್ತವೆ. ಹನಿ ಹನಿಗೂಡಿದರೆ ಹಳ್ಳ ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇಷ್ಟೆಲ್ಲ ಏಕೆ ಬರೆಯಬೇಕು ಎಂದು ಕೇಳುವವರಿಗೆ ನಾವು ಒಂದು ಸಣ್ಣ ಪ್ರಶ್ನೆಯನ್ನು ಮುಂದಿಡುತ್ತೇವೆ. ತಂದೆಯ ತಂದೆಯ ಹೆಸರನ್ನು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಾಯಿಯ ತಾಯಿಯ ತಾಯಿಯ ಹೆಸರನ್ನು ಹೇಳಬಲ್ಲವರು ಎಷ್ಟು ಮಂದಿ? ಆ ತಾಯಿ ಯಾವ ಊರಿನವಳು, ಎಷ್ಟನೆಯ ವಯಸ್ಸಿಗೆ ಈ ಮನೆಗೆ ಬಂದಳು, ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟನ್ನು ಮಣ್ಣಿಗೆ ಕೊಟ್ಟಳು, ಯಾವ ಹಾಡನ್ನು ಹೇಳುತ್ತ ಬೀಸುತ್ತಿದ್ದಳು ಎಂಬುದನ್ನು ಬಲ್ಲವರು ಎಷ್ಟು ಮಂದಿ? ಆಸ್ತಿಯ ದಾಖಲೆಗಳಲ್ಲಿ ಗಂಡಸರ ಹೆಸರು ಉಳಿಯಿತು. ಹೆಂಗಸರ ಬದುಕು ಬಾಯಿಂದ ಬಾಯಿಗೆ ಬಂದು, ಹೇಳುವ ಬಾಯಿ ಮುಚ್ಚಿದೊಡನೆ ಅಳಿಸಿಹೋಯಿತು. ಇಂದು ಎಂಬತ್ತು ದಾಟಿದ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ, ಅವಳು ಬಲ್ಲದ್ದನ್ನು ಬರೆದಿಡಲು ನಮಗೆ ಅನಂತ ಕಾಲಾವಕಾಶವಿಲ್ಲ. ಮೂವತ್ತು ದಿನಗಳ ಪಂಥವು ಕೇವಲ ವಿನೋದವಲ್ಲ. ತಡಮಾಡಿದರೆ ಮತ್ತೆ ದೊರಕದ ಸಂಗತಿಗಳನ್ನು ಕೂಡಿಡುವ ಉಪಾಯವೂ ಹೌದು.

ಇನ್ನು ಕ್ರಮದ ವಿಚಾರ. ಮೊದಲನೆಯದು ವೇಳೆ. ಇಂಗ್ಲೆಂಡಿನ ಆಂಥೊನಿ ಟ್ರೊಲೊಪ್ ಎಂಬ ಕಾದಂಬರಿಕಾರನು ಅಂಚೆ ಇಲಾಖೆಯ ನೌಕರ. ಇಡೀ ದಿನದ ದುಡಿಮೆಯ ಜೊತೆಗೆ ಬರೆಯುವುದನ್ನು ರೂಢಿಸಿಕೊಂಡ ಅವನು ತನ್ನ ಬಾಳಿನಲ್ಲಿ ಒಟ್ಟು 47 ಕಾದಂಬರಿಗಳನ್ನು ಬರೆದನು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅವನ ಮರಣಾನಂತರ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂಡುವುದು, ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುವುದು, ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು, ಇದು ಅವನ ನಿತ್ಯನೇಮ. ಸರಿಯಾದ ವೇಳೆಗೆ ಎಬ್ಬಿಸಿ ಕಾಫಿ ಕೊಡುವುದಕ್ಕೆಂದು ವೃದ್ಧ ಸೇವಕನೊಬ್ಬನಿಗೆ ವರ್ಷಕ್ಕೆ 5 ಪೌಂಡು ಹೆಚ್ಚಾಗಿ ಕೊಡುತ್ತಿದ್ದನಂತೆ. ಸ್ಫೂರ್ತಿ ಬಂದಾಗ ಬರೆಯುತ್ತೇನೆಂದು ಅವನು ಕಾಯಲಿಲ್ಲ. ಬರೆಯಲು ಕೂತ ಮೇಲೆ ಸ್ಫೂರ್ತಿಯೇ ಅವನನ್ನು ಹುಡುಕಿಕೊಂಡು ಬಂದಿತು.

ಟ್ರೊಲೊಪ್‌ನ ವೇಗವು ನಮಗೆ ಬೇಕಾಗಿಲ್ಲ. ಅವನ ಎರಡು ರೂಢಿಗಳು ಬೇಕು. ಒಂದು, ಹಿಂದಿನ ದಿನದ ಬರಹವನ್ನು ಓದಿಯೇ ಇಂದಿನದನ್ನು ಆರಂಭಿಸುವುದು. ಇದರಿಂದ ನಿಂತ ನೀರು ಮತ್ತೆ ಹರಿಯಲು ತೊಡಗುತ್ತದೆ. ಎರಡು, ವೇಳೆಯನ್ನು ಬದಲಾಯಿಸದಿರುವುದು. ಈ ಎರಡನೆಯದಕ್ಕೆ ಈಚಿನ ಒಂದು ಅಧ್ಯಯನವೂ ಬೆಂಬಲ ಕೊಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪ ಲಾಲಿ ಮತ್ತು ಅವರ ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ 2009ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರಲ್ಲಿ ಪ್ರತಿಯೊಬ್ಬರೂ ಒಂದು ಹೊಸ ಅಭ್ಯಾಸವನ್ನು ಆರಿಸಿಕೊಂಡು, ಅದನ್ನು ಈಗಾಗಲೇ ದಿನವೂ ನಡೆಯುವ ಒಂದು ಕಾರ್ಯಕ್ಕೆ, ಉದಾಹರಣೆಗೆ ಬೆಳಗಿನ ಉಪಾಹಾರಕ್ಕೆ, ಜೋಡಿಸಿಕೊಂಡರು. ಹೊಸ ಅಭ್ಯಾಸವು ತಾನಾಗಿಯೇ ನಡೆಯುವಷ್ಟು ನೆಲೆಗೊಳ್ಳುವುದಕ್ಕೆ ನಡುವಣ ಅಂದಾಜು 66 ದಿನಗಳು. ಕೆಲವರಿಗೆ 18 ದಿನಗಳೇ ಸಾಕಾದವು, ಕೆಲವರಿಗೆ 254 ದಿನಗಳವರೆಗೆ ಬೇಕಾಗಬಹುದೆಂದು ಲೆಕ್ಕಹಾಕಲಾಯಿತು.

ಈ ಅಂಕಿಗಳಿಂದ ನಾವು ತಿಳಿಯಬೇಕಾದುದು ಎರಡು. ಮೂವತ್ತು ದಿನಗಳು ಮುಗಿದೊಡನೆ ಅಭ್ಯಾಸವು ಕೈವಶವಾಗಲಿಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ. ಒಂದು ತಿಂಗಳೆಂಬುದು ಅರ್ಧ ದಾರಿ ಮಾತ್ರ. ಮತ್ತು ಹೊಸ ನೇಮವನ್ನು ಹಳೆಯ ನೇಮದ ಬೆನ್ನಿಗೆ ಕಟ್ಟಿದರೆ ಅದು ನಿಲ್ಲುತ್ತದೆ. ಬೆಳಗಿನ ಪೂಜೆಯನ್ನು ತಪ್ಪಿಸದವರ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಗೂಟವು ಯಾವುದಿದೆ? ಪೂಜೆ ಮುಗಿಸಿ ಎದ್ದು ಬಂದವರು ಪ್ರಸಾದಕ್ಕೆ ಮೊದಲು ಕಾಲು ಗಂಟೆ, ರಾತ್ರಿ ದೀಪ ಆರಿಸುವುದಕ್ಕೆ ಮೊದಲು ಕಾಲು ಗಂಟೆ ಬರೆಯಬಹುದು. ಗೃಹಿಣಿಯರಿಗೆ ಮಧ್ಯಾಹ್ನದ ಊಟದ ಪಾತ್ರೆಗಳನ್ನು ಎತ್ತಿಟ್ಟ ಮೇಲಿನ ಹೊತ್ತು ಅನುಕೂಲವಾದೀತು. ಆ ಹೊತ್ತಿನಲ್ಲಿ ಅವರನ್ನು ಯಾರೂ ಕೂಗದಂತೆ ನೋಡಿಕೊಳ್ಳುವುದು ಮನೆಯ ಉಳಿದವರ ಕರ್ತವ್ಯ. ಮಗನು ಪರೀಕ್ಷೆಗೆ ಓದುವಾಗ ಮನೆಯೆಲ್ಲ ಮೌನ ವಹಿಸುತ್ತದೆ. ತಾಯಿ ಬರೆಯುವಾಗ ಕಾಲು ಗಂಟೆ ಸುಮ್ಮನಿರುವುದು ದೊಡ್ಡ ತ್ಯಾಗವೇನಲ್ಲ.

ಎರಡನೆಯದು ವಿಷಯ. ಬಹುಜನರು ಸೋಲುವುದು ಇಲ್ಲಿಯೇ. ‘ಏನು ಬರೆಯಲಿ? ನಮ್ಮ ಬದುಕಿನಲ್ಲಿ ಬರೆಯುವಂಥದ್ದು ಏನಿದೆ?’ ಎಂದು ಅವರು ಕೇಳುತ್ತಾರೆ. ದೊಡ್ಡ ಸಂಗತಿಗಳೇ ಬರಹಕ್ಕೆ ಯೋಗ್ಯವೆಂಬ ಭ್ರಮೆಯೇ ಇದಕ್ಕೆ ಕಾರಣ. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯವರು 1736ರಿಂದ 1761ರವರೆಗೆ, ಸುಮಾರು 25 ವರ್ಷಗಳ ಕಾಲ, ತಮಿಳಿನಲ್ಲಿ ದಿನಚರಿಯನ್ನು ಬರೆದರು. ಯಾವ ಹಡಗು ಬಂದಿತು, ಯಾವ ಸರಕು ಇಳಿಯಿತು, ಯಾರ ಮನೆಯ ಮದುವೆಗೆ ಯಾರು ಬಂದರು, ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದೆಲ್ಲ ಅದರಲ್ಲಿದೆ. ಬರೆಯುವಾಗ ಅದು ವ್ಯಾಪಾರಸ್ಥನೊಬ್ಬನ ನಿತ್ಯದ ಟಿಪ್ಪಣಿ. ಇಂದು ಹದಿನೆಂಟನೆಯ ಶತಮಾನದ ದಕ್ಷಿಣ ಭಾರತವನ್ನು ಅರಿಯಬಯಸುವ ಇತಿಹಾಸಕಾರರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಲಂಡನ್ನಿನ ಸ್ಯಾಮ್ಯುಯೆಲ್ ಪೆಪಿಸ್‌ನ ದಿನಚರಿಯೂ ಇಂಥದೇ. ಅವನು 1660ರ ಜನವರಿ 1ರಂದು ಆರಂಭಿಸಿ, ಕಣ್ಣಿನ ದೃಷ್ಟಿ ಹೋದೀತೆಂಬ ಭಯದಿಂದ 1669ರ ಮೇ 31ರಂದು ನಿಲ್ಲಿಸಿದನು. 1665ರ ಮಹಾಮಾರಿಯನ್ನೂ 1666ರ ಲಂಡನ್ನಿನ ಮಹಾ ಅಗ್ನಿ ಅನಾಹುತವನ್ನೂ ಅವನು ಕಣ್ಣಾರೆ ಕಂಡು ಬರೆದನು. ಆದರೆ ಓದುವವರ ಮನಸ್ಸಿನಲ್ಲಿ ಉಳಿಯುವುದು ಯಾವುದು? ಬೆಂಕಿ ಹತ್ತಿರ ಬರುತ್ತಿದ್ದಾಗ ಅವನು ತೋಟದಲ್ಲಿ ಗುಂಡಿ ತೋಡಿ ತನ್ನ ಮದ್ಯವನ್ನೂ ಇಟಲಿಯ ಬೆಲೆಬಾಳುವ ಗಿಣ್ಣನ್ನೂ ಹೂತಿಟ್ಟ ಸಂಗತಿ. ಊರೇ ಉರಿಯುವಾಗ ಮನುಷ್ಯನು ಯಾವುದನ್ನು ಉಳಿಸಿಕೊಳ್ಳಲು ಹವಣಿಸುತ್ತಾನೆ ಎಂಬುದನ್ನು ಆ ಒಂದು ಸಣ್ಣ ವಿವರವು ತಿಳಿಸಿಬಿಡುತ್ತದೆ. ಸಣ್ಣ ವಿವರವೇ ಬರಹದ ಜೀವಾಳವೆಂಬುದನ್ನು ನಾವು ಮರೆಯಬಾರದು.

ಆದುದರಿಂದ ಪಂಥವನ್ನು ಆರಂಭಿಸುವ ಮೊದಲ ದಿನವೇ ನೋಟುಪುಸ್ತಕದ ಕೊನೆಯ ಪುಟದಲ್ಲಿ ಮೂವತ್ತು ವಿಷಯಗಳನ್ನು ಪಟ್ಟಿಮಾಡಿಕೊಳ್ಳಬೇಕು. ಮನೆಯ ಹಳೆಯ ಬಾವಿ, ಹೊಲಗಳ ಹೆಸರುಗಳು ಮತ್ತು ಆ ಹೆಸರು ಬಂದ ಬಗೆ, ಮನೆತನದ ಅಡ್ಡಹೆಸರಿನ ಕಥೆ, ಸೇರು, ಪಾವು, ಕೊಳಗಗಳ ಅಳತೆ, ಊರಿಗೆ ಮೊದಲು ಬಂದ ಬಸ್ಸು, ಮನೆಗೆ ಮೊದಲು ಬಂದ ರೇಡಿಯೊ, ವಿದ್ಯುದ್ದೀಪ ಹತ್ತಿದ ರಾತ್ರಿ, ಅಜ್ಜಿಯ ಕೈಯ ರೊಟ್ಟಿ ತೆಳ್ಳಗಾಗುತ್ತಿದ್ದ ಗುಟ್ಟು, 1972ರ ಬರಗಾಲದಲ್ಲಿ ಮನೆಯವರು ಏನನ್ನು ಉಂಡರು ಎಂಬುದು, ಜಾತ್ರೆಗೆ ಬಂಡಿ ಹೂಡಿಕೊಂಡು ಹೋಗುತ್ತಿದ್ದ ದಾರಿ, ಓದು ಕಲಿಸಿದ ಮಾಸ್ತರರು, ಎತ್ತುಗಳ ಹೆಸರುಗಳು, ಕಷ್ಟದಲ್ಲಿ ಕೈಹಿಡಿದ ನೆರೆಮನೆಯವರು, ಮದುವೆಯಲ್ಲಿ ಕೊಟ್ಟ ಸೀರೆಯ ಬೆಲೆ, ಮನೆಬಿಟ್ಟು ಪಟ್ಟಣಕ್ಕೆ ಹೊರಟ ದಿನ. ಹೀಗೆ ಬರೆಯುತ್ತ ಹೋದರೆ ಮೂವತ್ತಕ್ಕೆ ನಿಲ್ಲಿಸುವುದೇ ಕಷ್ಟವಾಗುತ್ತದೆ. ಪಟ್ಟಿಯಿದ್ದವರಿಗೆ ಬೆಳಿಗ್ಗೆ ಎದ್ದು ವಿಷಯಕ್ಕಾಗಿ ತಡಕಾಡುವ ತೊಂದರೆ ಇರುವುದಿಲ್ಲ. ಆ ದಿನ ಬೇರೊಂದು ಸಂಗತಿ ಮನಸ್ಸನ್ನು ತಟ್ಟಿದರೆ ಅದನ್ನೇ ಬರೆಯಬಹುದು. ಪಟ್ಟಿಯು ಊರುಗೋಲೇ ಹೊರತು ಸಂಕೋಲೆಯಲ್ಲ.

ವಿಷಯ ತೀರಿದರೆ ಇನ್ನೊಂದು ಉಪಾಯವಿದೆ. ಅದು ಪರರ ಪ್ರಶ್ನೆ. ನಿಘಂಟುಕಾರರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ಆರಂಭಿಸಿದಾಗ ಅವರ ವಯಸ್ಸು ಎಪ್ಪತ್ತೆಂಟರ ಸಮೀಪ. ಓದುಗರು ಶಬ್ದಗಳ ಅರ್ಥವನ್ನೂ ಬಳಕೆಯನ್ನೂ ಕುರಿತು ಪ್ರಶ್ನೆ ಕೇಳುವುದು, ಅವರು ಉತ್ತರ ಕೊಡುವುದು ಅದರ ಕ್ರಮ. ಅಂಕಣವು ವರ್ಷಾನುಗಟ್ಟಲೆ ನಡೆಯಿತು, ಪುಸ್ತಕವಾಗಿಯೂ ಬಂದಿತು. ಕೇಳುವವರು ಇರುವವರೆಗೆ ಬರೆಯುವವರಿಗೆ ವಿಷಯದ ಬರಗಾಲವಿಲ್ಲ ಎಂಬುದಕ್ಕೆ ಇದೊಂದು ಉಜ್ವಲ ನಿದರ್ಶನ. ಮನೆಯಲ್ಲಿಯೂ ಹೀಗೆಯೇ ಮಾಡಬಹುದು. ದಿನಕ್ಕೊಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕುವಂತೆ ಮೊಮ್ಮಕ್ಕಳಿಗೆ ಹೇಳಿದರೆ, ಅಜ್ಜನಿಗೆ ಬರೆಯಲು ವಿಷಯ ದೊರಕುತ್ತದೆ, ಮಕ್ಕಳಿಗೆ ಕಾಯುವ ಕುತೂಹಲ ಹುಟ್ಟುತ್ತದೆ.

ಇದರಿಂದಲೇ ಮೂರನೆಯ ಮಾತು ಹೊರಡುತ್ತದೆ. ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದು ಸ್ಪಷ್ಟವಾಗಿದ್ದರೆ ಹೇಗೆ ಬರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಜವಾಹರಲಾಲ್ ನೆಹರೂ ಅವರು ಸೆರೆಮನೆಯಲ್ಲಿದ್ದುಕೊಂಡು ಮಗಳು ಇಂದಿರೆಗೆ ಅವಳ 13ನೆಯ ಹುಟ್ಟುಹಬ್ಬದ ನಿಮಿತ್ತವಾಗಿ 1930ರ ಅಕ್ಟೋಬರಿನಲ್ಲಿ ಪತ್ರ ಬರೆಯತೊಡಗಿದರು. 1933ರ ಆಗಸ್ಟಿನ ವೇಳೆಗೆ ಅವು 196 ಪತ್ರಗಳಾದವು. ಲೋಕದ ಇತಿಹಾಸವೇ ಅವುಗಳಲ್ಲಿ ಅಡಕವಾಯಿತು. ಹತ್ತಿರದಲ್ಲಿ ದೊಡ್ಡ ಗ್ರಂಥಾಲಯವಿರಲಿಲ್ಲ. ತಾವು ಮಾಡಿಕೊಂಡ ಟಿಪ್ಪಣಿಗಳೂ ನೆನಪೂ ಅವರ ಬಂಡವಾಳ. ಆದರೂ ಆ ಬರಹವು ಸರಳವಾಗಿ ಹರಿದುದೇಕೆ? ಎದುರಿಗೆ ಒಬ್ಬಳು ಹುಡುಗಿ ಕುಳಿತಿದ್ದಾಳೆ, ಅವಳಿಗೆ ತಿಳಿಯುವಂತೆ ಹೇಳಬೇಕು ಎಂಬ ಎಚ್ಚರವು ಲೇಖಕರಿಗೆ ಇದ್ದುದರಿಂದ. ನಾವು ಕೂಡ ಇಡೀ ಲೋಕಕ್ಕಾಗಿ ಬರೆಯದೆ ಒಬ್ಬರಿಗಾಗಿ ಬರೆಯೋಣ. ದೂರದ ಊರಿನಲ್ಲಿ ಕೆಲಸಕ್ಕಿರುವ ಮಗ, ಗಂಡನ ಮನೆಗೆ ಹೋದ ಮಗಳು, ಇನ್ನೂ ಓದಲು ಬಾರದ ಮೊಮ್ಮಗು, ಯಾರಾದರೂ ಆಗಬಹುದು. ಪರದೇಶದಲ್ಲಿ ಬೆಳೆಯುತ್ತಿರುವ ಮಗುವಿಗೆಂದು ಬರೆಯುವವರು ‘ಕಣ’ ಎಂದರೇನು, ‘ಹಗೇವು’ ಎಂದರೇನು ಎಂಬುದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. ಹಾಗೆ ಬಿಡಿಸಿ ಹೇಳುವಾಗ ನಮಗೇ ಅದರ ಬೆಲೆ ತಿಳಿಯುತ್ತದೆ.

ಇಷ್ಟಾದರೂ ಏಳೆಂಟು ದಿನಗಳು ಕಳೆದ ಮೇಲೆ ಬೇಸರ ಬಂದೇ ಬರುತ್ತದೆ. ಮೊದಲ ವಾರದಲ್ಲಿ ಉತ್ಸಾಹವೇ ನಡೆಸುತ್ತದೆ; ಕೊನೆಯ ವಾರದಲ್ಲಿ ಮುಗಿಯುವ ಸಂತೋಷವು ನಡೆಸುತ್ತದೆ; ನಡುವಣ ಎರಡು ವಾರಗಳನ್ನು ನಡೆಸುವುದು ನೇಮವೊಂದೇ. ಆಗ ಮೂರು ಸೂತ್ರಗಳನ್ನು ನೆನಪಿಡಬೇಕು. ಮೊದಲನೆಯದು, ಚೆನ್ನಾಗಿ ಬರೆಯಬೇಕೆಂಬ ಹಟವನ್ನು ಆ ದಿನಗಳ ಮಟ್ಟಿಗೆ ಬಿಡುವುದು. ಕಾಗುಣಿತ ತಪ್ಪಲಿ, ವಾಕ್ಯ ಕುಂಟಲಿ, ಪುಟ ತುಂಬಲಿ. ಬಿತ್ತುವಾಗ ಕಳೆ ಕೀಳುವವರಿಲ್ಲ. ಅದಕ್ಕೆ ಬೇರೆ ಕಾಲವಿದೆ. ಎರಡನೆಯದು, ತೀರ ಆಗದ ದಿನ ಐದೇ ಸಾಲು ಬರೆದು ದಿನಾಂಕ ಹಾಕುವುದು. ಜ್ವರ ಬಂದ ದಿನ ‘ಇಂದು ಜ್ವರ’ ಎಂದು ಬರೆದರೂ ಸರಪಳಿ ಕಡಿಯಲಿಲ್ಲವೆಂಬ ಸಮಾಧಾನ ಉಳಿಯುತ್ತದೆ.

ಮೂರನೆಯದು, ಅಕಸ್ಮಾತ್ತಾಗಿ ಒಂದು ದಿನ ತಪ್ಪಿದರೆ ಕಂಗೆಡದಿರುವುದು. ಮೇಲೆ ಹೇಳಿದ ಲಂಡನ್ನಿನ ಅಧ್ಯಯನದಲ್ಲಿಯೂ ಒಂದು ಸಲ ತಪ್ಪಿದುದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಕಂಡುಬರಲಿಲ್ಲ. ಕೆಡುಕಿರುವುದು ತಪ್ಪಿದ ಆ ಒಂದು ದಿನದಲ್ಲಿ ಅಲ್ಲ. ‘ಹೇಗೂ ತಪ್ಪಿತು, ಇನ್ನೇಕೆ ಬರೆಯುವುದು’ ಎಂಬ ಮನೋಭಾವದಲ್ಲಿ. ಮರುದಿನ ಎರಡು ಪುಟ ಬರೆದು ದಂಡ ತೆರುವ ಅಗತ್ಯವೂ ಇಲ್ಲ. ದಂಡವಾಗಿ ಬರೆದುದು ಹೊರೆಯಾಗುತ್ತದೆ, ಹೊರೆಯಾದುದನ್ನು ಮನಸ್ಸು ಬೇಗನೆ ಇಳಿಸಿಬಿಡುತ್ತದೆ. ತಪ್ಪಿದ ದಿನದ ಪುಟವನ್ನು ಖಾಲಿಯಾಗಿಯೇ ಬಿಟ್ಟು, ಮುಂದಿನ ಪುಟದಲ್ಲಿ ಶಾಂತವಾಗಿ ಮುಂದುವರಿಯಬೇಕು.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಚಾರಕ್ಕೆ ಬರೋಣ. ಮನೆಯ ಸಂಗತಿಗಳನ್ನು ಬರೆಯುತ್ತ ಹೋದಂತೆ, ಮುಚ್ಚಿಟ್ಟ ಗಾಯಗಳೂ ಕಣ್ಣಿಗೆ ಬೀಳುತ್ತವೆ. ಅಣ್ಣತಮ್ಮಂದಿರ ಪಾಲಿನ ಜಗಳ, ಹೇಳದೆ ನುಂಗಿಕೊಂಡ ಅವಮಾನ, ಅಕಾಲದಲ್ಲಿ ಅಗಲಿದ ಮಗು, ಇವುಗಳನ್ನು ಬರೆಯಬೇಕೇ ಬೇಡವೇ? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಗಮನಾರ್ಹ. ಕೆಲವು ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನಗಳ ಕಾಲ, ದಿನಕ್ಕೆ 15 ನಿಮಿಷಗಳಂತೆ, ತಮ್ಮ ಬದುಕಿನ ನೋವಿನ ಸಂಗತಿಯನ್ನು ಕುರಿತು ಬರೆದರು. ಉಳಿದವರು ಸಾಧಾರಣ ವಿಷಯವನ್ನು ಬರೆದರು. ನಡೆದ ಸಂಗತಿಯನ್ನೂ ತಮ್ಮ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದುದು ಉಳಿದವರಿಗಿಂತ ಕಡಮೆ. ಆದರೆ ಬರೆದು ಮುಗಿಸಿದೊಡನೆ ಅವರ ಮನಸ್ಸು ಹೆಚ್ಚು ಖಿನ್ನವಾಗಿತ್ತೆಂಬುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಆಮೇಲಿನ ಅಧ್ಯಯನಗಳಲ್ಲಿ ಪ್ರಯೋಜನವು ಅಲ್ಪವೆಂದೂ ಎಲ್ಲರಿಗೂ ಸಮನಾಗಿ ಆಗದೆಂದೂ ಕಂಡುಬಂದಿದೆ.

ಆದುದರಿಂದ ನಮ್ಮ ಸಲಹೆ ಇಷ್ಟು. ನೋವನ್ನು ಬರೆಯಬಹುದು, ಬಲವಂತವಾಗಿ ಕೆದಕಬಾರದು. ಬರೆದ ಮೇಲೆ ಮನಸ್ಸು ಬಹಳ ಕುಗ್ಗಿದರೆ, ಅದು ದಿನಗಟ್ಟಲೆ ಹಾಗೆಯೇ ಉಳಿದರೆ, ಪುಸ್ತಕವನ್ನು ಮುಚ್ಚಿಟ್ಟು ಆಪ್ತರೊಡನೆ ಮಾತನಾಡಬೇಕು, ಅಗತ್ಯವಿದ್ದರೆ ವೈದ್ಯರನ್ನು ಕಾಣಬೇಕು. ಲೇಖನಿಯು ಮದ್ದಿನ ಬದಲಿಯಲ್ಲ. ಇನ್ನು ಪರರ ವಿಷಯ. ನಮ್ಮ ಬದುಕನ್ನು ಬರೆಯುವ ಹಕ್ಕು ನಮಗಿದೆ; ಸೊಸೆಯ ಕಾಯಿಲೆಯನ್ನೋ ಮೈದುನನ ಸಾಲವನ್ನೋ ನಾಲ್ಕು ಜನರೆದುರು ಓದಿ ತೋರಿಸುವ ಹಕ್ಕು ನಮಗಿಲ್ಲ. ತನಗಾಗಿ ಬರೆದುಕೊಳ್ಳುವ ಪುಟವೇ ಬೇರೆ, ಹಂಚಿಕೊಳ್ಳುವ ಪುಟವೇ ಬೇರೆ. ಒಬ್ಬರ ಹೆಸರು ಬಂದ ಪುಟವನ್ನು ಅವರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಮೂರನೆಯವರಿಗೆ ತೋರಿಸಬೇಕು. ಸತ್ಯವನ್ನು ಹೇಳುವುದು ಧರ್ಮ. ಸತ್ಯದ ಹೆಸರಿನಲ್ಲಿ ಹಳೆಯ ಹಗೆ ತೀರಿಸಿಕೊಳ್ಳುವುದು ಧರ್ಮವಲ್ಲ.

ಇನ್ನೊಂದು ಮಾತು ಇಂದಿನ ಕಾಲಕ್ಕೆ ಸಂಬಂಧಿಸಿದುದು. ಕೈ ನಡುಗುವ ಹಿರಿಯರು ಮೊಬೈಲ್ ಫೋನಿನಲ್ಲಿ ಮಾತನಾಡಿದರೆ ಸಾಕು, ಅದು ಕನ್ನಡ ಅಕ್ಷರಗಳಾಗಿ ಮೂಡುವ ಅನುಕೂಲ ಈಗ ಇದೆ. ಇದನ್ನು ಧಾರಾಳವಾಗಿ ಬಳಸಿಕೊಳ್ಳಬೇಕು. ಓದು ಬರಹ ಬಾರದ ಅಜ್ಜಿಯೂ ಹೀಗೆ ಪಂಥದಲ್ಲಿ ಸೇರಬಹುದು. ಕೇಳಿದ ಕ್ಷಣದಲ್ಲಿ ತಾನೇ ಪ್ರಬಂಧ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ಪರೀಕ್ಷಿಸಿ ನೋಡುವವರು ನೋಡಲಿ. ಆದರೆ ಈ ಮೂವತ್ತು ಪುಟಗಳನ್ನು ಅವುಗಳಿಂದ ಬರೆಸುವುದರಲ್ಲಿ ಅರ್ಥವಿಲ್ಲ. ನಮ್ಮ ಬದಲು ಇನ್ನೊಬ್ಬರು ನಡೆದರೆ ನಮ್ಮ ಕಾಲಿಗೆ ಬಲ ಬರುವುದಿಲ್ಲ. ನಮ್ಮ ಹಿತ್ತಲಿನ ನುಗ್ಗೆಮರವನ್ನು ಕಂಡವರು ನಾವೇ ಹೊರತು ಯಂತ್ರವಲ್ಲ.

ಮೂವತ್ತನೆಯ ದಿನ ಮುಗಿದ ಮೇಲೆ ಏನು ಮಾಡಬೇಕು? ಹೆಚ್ಚಿನವರು ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ನಿಜವಾದ ಲಾಭವು ಆರಂಭವಾಗುವುದು ಆಮೇಲೆಯೇ. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ನಾತ್ಸಿಗಳ ಕಣ್ತಪ್ಪಿಸಿ ಅಡಗಿದ್ದ ಆನ್ ಫ್ರಾಂಕ್ ಎಂಬ ಬಾಲಕಿ ತನ್ನ 13ನೆಯ ಹುಟ್ಟುಹಬ್ಬದಂದು, 1942ರ ಜೂನ್ 12ರಂದು, ದೊರೆತ ಪುಸ್ತಕದಲ್ಲಿ ದಿನಚರಿ ಬರೆಯತೊಡಗಿದಳು. ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ದಿನಚರಿಗಳನ್ನೂ ಪತ್ರಗಳನ್ನೂ ಸಂಗ್ರಹಿಸಬೇಕೆಂದು ಡಚ್ ಸಚಿವರೊಬ್ಬರು ರೇಡಿಯೊದಲ್ಲಿ ಹೇಳಿದ ಮಾತನ್ನು 1944ರ ಮಾರ್ಚಿನಲ್ಲಿ ಕೇಳಿ, ತಾನು ಬರೆದುದನ್ನೆಲ್ಲ ಮತ್ತೆ ಓದಿ, ತಿದ್ದಿ, ಬೇಡದುದನ್ನು ಬಿಟ್ಟು, ಬೇಕಾದುದನ್ನು ಸೇರಿಸಿ ಹೊಸದಾಗಿ ಬರೆಯತೊಡಗಿದಳು. ಆಗಸ್ಟ್ 1ರ ಬರಹವೇ ಅವಳ ಕೊನೆಯ ಬರಹವಾಯಿತು. ಮೂರೇ ದಿನಗಳಲ್ಲಿ ಅವಳನ್ನು ಸೆರೆಹಿಡಿದರು. ಮರುವರ್ಷ ಸೆರೆಶಿಬಿರದಲ್ಲಿ ಅವಳು ತೀರಿಕೊಂಡಳು. ಬದುಕುಳಿದ ತಂದೆ 1947ರಲ್ಲಿ ಅದನ್ನು ಪ್ರಕಟಿಸಿದರು. ಹದಿನೈದು ತುಂಬುತ್ತಿದ್ದ ಹುಡುಗಿ, ಹೊರಗೆ ಹೆಜ್ಜೆಯಿಡಲಾಗದ ಸ್ಥಿತಿಯಲ್ಲಿ, ತನ್ನ ಬರಹವನ್ನು ತಾನೇ ತಿದ್ದಿದಳು ಎಂಬುದನ್ನು ನೆನೆದರೆ ನಮ್ಮ ಆಲಸ್ಯಕ್ಕೆ ನೆಪಗಳೇ ಉಳಿಯುವುದಿಲ್ಲ.

ಆದ್ದರಿಂದ ಒಂದು ವಾರ ಪುಸ್ತಕವನ್ನು ಮುಟ್ಟದೆ ಇಟ್ಟು, ಅನಂತರ ಮೂವತ್ತು ಪುಟಗಳನ್ನೂ ಒಟ್ಟಿಗೆ ಓದಬೇಕು. ಕೈಯಲ್ಲಿ ಬಣ್ಣದ ಪೆನ್ಸಿಲ್ ಇರಲಿ. ಮತ್ತೆ ಮತ್ತೆ ಬಂದಿರುವ ವ್ಯಕ್ತಿ ಯಾರು, ಸ್ಥಳ ಯಾವುದು ಎಂಬುದನ್ನು ಗುರುತಿಸಬೇಕು. ನಮ್ಮ ಮನಸ್ಸು ಎಲ್ಲಿ ನೆಲೆಸಿದೆಯೆಂಬುದು ನಮಗೇ ಆಗ ತಿಳಿಯುತ್ತದೆ. ಮೂವತ್ತರಲ್ಲಿ ಐದು ಪುಟಗಳಾದರೂ ಚೆನ್ನಾಗಿಯೇ ಬಂದಿರುತ್ತವೆ. ಅವನ್ನು ಆರಿಸಿ, ತಿದ್ದಿ, ಒಳ್ಳೆಯ ಹಾಳೆಯಲ್ಲಿ ಶುದ್ಧಪ್ರತಿ ಮಾಡಿ, ಎರಡು ಮೂರು ನಕಲುಗಳನ್ನು ತೆಗೆಸಿ ಬೇರೆ ಬೇರೆ ಮನೆಗಳಲ್ಲಿ ಇಡಿಸಬೇಕು. ಫೋನಿನಲ್ಲಿ ಮಾತ್ರ ಇಟ್ಟುಕೊಂಡವರು ಕಾಗದದ ಮೇಲೆಯೂ ಇಳಿಸಿಕೊಳ್ಳಲಿ. ಬರೆದವರ ಹೆಸರು, ಊರು, ದಿನಾಂಕ ಇರಲೇಬೇಕು. ದಿನಾಂಕವಿಲ್ಲದ ಬರಹವು ವಿಳಾಸವಿಲ್ಲದ ಕಾಗದದಂತೆ. ಎಲ್ಲಿಗೆ ಸೇರಬೇಕೆಂಬುದು ಅದಕ್ಕೇ ತಿಳಿಯದು.

ಮನೆಯ ಎಲ್ಲರೂ ಒಟ್ಟಿಗೆ ಈ ಪಂಥವನ್ನು ಕೈಗೊಂಡರೆ ಅದರ ಸೊಗಸೇ ಬೇರೆ. ವಾರಕ್ಕೊಮ್ಮೆ, ರಾತ್ರಿ ಊಟವಾದ ಮೇಲೆ, ದೂರದರ್ಶನದ ಪೆಟ್ಟಿಗೆಯನ್ನು ಆರಿಸಿ, ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ಪುಟವನ್ನು ಓದಲಿ. ಕೇಳುವವರು ತಪ್ಪು ಹುಡುಕದೆ, ‘ಆಮೇಲೆ ಏನಾಯಿತು?’ ಎಂದಷ್ಟೇ ಕೇಳಲಿ. ಆ ಒಂದು ಪ್ರಶ್ನೆಯು ಹೊಗಳಿಕೆಗಿಂತ ಹೆಚ್ಚು ಬರೆಯಿಸುತ್ತದೆ. ಯಾರ ಪುಟ ದೊಡ್ಡದು, ಯಾರದು ಚೆನ್ನ ಎಂಬ ಪೈಪೋಟಿ ಬೇಡ. ಇದು ಪಂಥವೆನಿಸಿದರೂ ಎದುರಾಳಿ ಹೊರಗಿನವರಲ್ಲ. ನಾಳೆ ಬರೆದರಾಯಿತೆನ್ನುವ ನಮ್ಮದೇ ಮನಸ್ಸು.

ಬರುವ ತಿಂಗಳ ಮೊದಲ ತಾರೀಖು ದೂರವಿಲ್ಲ. ಅಷ್ಟರೊಳಗೆ ಒಂದು ನೋಟುಪುಸ್ತಕವನ್ನು ತಂದು, ಕೊನೆಯ ಪುಟದಲ್ಲಿ ಮೂವತ್ತು ವಿಷಯಗಳನ್ನು ಬರೆದುಕೊಂಡು, ಯಾರಿಗಾಗಿ ಬರೆಯುವುದೆಂದು ನಿಶ್ಚಯಿಸಿಕೊಳ್ಳಿರಿ. ಮೊದಲ ದಿನದ ವಿಷಯವು ಯಾವುದೆಂದು ತೋಚದವರು ತಾಯಿಯ ತಾಯಿಯ ತಾಯಿಯ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ತಿಳಿದು, ಅದನ್ನು ಪುಟದ ನೆತ್ತಿಯಲ್ಲಿ ಬರೆಯಿರಿ. ಆ ಹೆಸರನ್ನು ಹೇಳುವಾಗ ಹಿರಿಯರು ಖಂಡಿತವಾಗಿ ಇನ್ನೆರಡು ಮಾತು ಸೇರಿಸಿಯೇ ಹೇಳುತ್ತಾರೆ. ಅದನ್ನೂ ಬರೆಯಿರಿ. ಮೊದಲ ಪುಟ ತುಂಬುತ್ತದೆ.